ಪಡಸಾಲೆಯ ನಡುವಿನ ಗೋಡೆ

ನಾನು ಒಂದು ಕೆಂಪು ಕಲ್ಲಿನ ಮನೆ. ಬಾದಾಮಿ ಕಡೆಯ ಗುಡ್ಡದಿಂದ ನನ್ನ ಕಲ್ಲುಗಳು ಚಕ್ಕಡಿಯಲ್ಲಿ ಬಂದವು. ಕುಪ್ಪಸದ ಖಣ ನೇಯುತ್ತಿದ್ದ ಚಂದ್ರಾಮಪ್ಪ ನನ್ನನ್ನು ಕಟ್ಟಿಸಿದ. ಪಡಸಾಲೆಯ ನೆಲದಲ್ಲೇ ಕುಣಿ ತೋಡಿ ಎರಡು ಕೈಮಗ್ಗ ಹೂಡಿದ್ದರು. ಲಾಳಿಯ ಸದ್ದಿಗೆ ತೊಟ್ಟಿಲ ಕೂಸುಗಳು ನಿದ್ದೆ ಹೋಗುತ್ತಿದ್ದವು. ಸದ್ದು ನಿಂತರೆ ಏಳುತ್ತಿದ್ದವು.

ಚಂದ್ರಾಮಪ್ಪನ ಮೊಮ್ಮಕ್ಕಳು ಗ್ಯಾನಪ್ಪ, ರಾಚಪ್ಪ. ಹಿರಿಯ ಗ್ಯಾನಪ್ಪನಿಗೆ ಕರೆಂಟಿನ ಮಗ್ಗ ಹಾಕುವ ಆಸೆ.

"ಅದರ ಬಡಿತಕ್ಕ ಗ್ವಾಡಿ ಬಿರೀತಾವ, ಅಣ್ಣ," ಎಂದ ರಾಚಪ್ಪ.

"ಗ್ವಾಡಿ ಕಾಯ್ಕೊಂತ ಕುಂತ್ರ ಹೊಟ್ಟಿ ತುಂಬೂದಿಲ್ಲ."

ನನ್ನ ಸಲುವಾಗಿಯೇ ಮಾತು ಬೆಳೆಯಿತು. ವಾರದೊಳಗೆ ಪಡಸಾಲೆಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆಚೆ ಕರೆಂಟಿನ ಮಗ್ಗ, ಈಚೆ ಕೈಮಗ್ಗ. ಹತ್ತೊಂಬತ್ತು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ. ಗೋಡೆ ಹಿತ್ತಲ ತನಕ ಹೋಗಿರಲಿಲ್ಲವಾದ್ದರಿಂದ ಅವರ ಹೆಂಡಂದಿರು ಸಾವಂತ್ರವ್ವ, ನೀಲವ್ವ ಮಾತ್ರ ಬಾವಿಕಟ್ಟೆಯ ಮೇಲೆ ಕೂತು ರೊಟ್ಟಿ ಪಲ್ಯ ಹಂಚಿಕೊಂಡರು.

ಆಮೇಲೆ ಇಬ್ಬರೂ ಊರ ಹೊರಗೆ ಬೇರೆ ಬೇರೆ ಹೊಸ ಮನೆ ಕಟ್ಟಿದರು. ನನ್ನನ್ನು ಕೆಡವಿ ಅಂಗಡಿ ಸಾಲು ಎಬ್ಬಿಸಲು ಒಬ್ಬ ಗಿರಾಕಿ ಬಂದ. ಅದೇ ವಾರ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಶಮೀಮ್ ಮೇಡಂ ಬಂದು ನನ್ನ ಕಂಬ, ಮಾಡ, ತೊಲೆಗಳನ್ನೆಲ್ಲ ನೋಡಿದರು. ಅಣ್ಣತಮ್ಮಂದಿರನ್ನು ಕರೆಸಿ, "ಇದನ್ನ ನೇಕಾರರ ಮನೆ ಅಂತ ಮ್ಯೂಸಿಯಂ ಮಾಡೋಣ. ಆದರೆ ಇಬ್ಬರೂ ಒಪ್ಪಬೇಕು, ಈ ಗೋಡೆ ಹೋಗಬೇಕು," ಎಂದರು.

ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದರು. ನನಗೆ ಅಂದು ನಿಜಕ್ಕೂ ಭಯವಾಗಿತ್ತು. ರಾಚಪ್ಪನ ಹಿಂದೆ ನಿಂತಿದ್ದ ಅವನ ಹೆಂಡತಿ ನೀಲವ್ವ, ಭಾವನೆದುರು ಎಂದೂ ಬಾಯಿ ಬಿಡದವಳು, ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಕೆಡವಿದ್ರ ಮುಗೀತು. ಆಮ್ಯಾಲೆ ನಾವೆಲ್ಲ ಕೂಡಿ ಕುಂದ್ರಾಕ ಎಲ್ಲಿಗೆ ಹೋಗೂದ್ರಿ, ಭಾವಾರ?"

ಗ್ಯಾನಪ್ಪ ತಮ್ಮನ ಕಡೆ ತಿರುಗದೆಯೇ ಕೇಳಿದ: "ಹಾರಿ ಎಲ್ಲೈತಿ?"

"ನಿನ್ನ ಕಡೀಗೇ ಐತಲ್ಲ," ಎಂದ ರಾಚಪ್ಪ.

ಅವರೇ ಹಾರೆ ಹಿಡಿದು ಸಂಜೆಯೊಳಗೆ ಗೋಡೆ ಉರುಳಿಸಿದರು. ಸಾವಂತ್ರವ್ವ ಇಬ್ಬರಿಗೂ ಚಹಾ ಮಾಡಿಕೊಟ್ಟಳು.

ಈಗ ನನ್ನಲ್ಲಿ ಯಾರೂ ಮಲಗುವುದಿಲ್ಲ, ಆದರೆ ಬಾಗಿಲಿಗೆ ಬಿಡುವಿಲ್ಲ. ಶಾಲೆಯ ಹುಡುಗಿಯರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೋಡುತ್ತಾರೆ. ಅಣ್ಣತಮ್ಮಂದಿರು ದಿನಾ ಬರುತ್ತಾರೆ, ಬಂದವರಿಗೆ ನನ್ನ ಕತೆ ಹೇಳುತ್ತಾರೆ. ನೆಲದ ಮೇಲಿನ ಇಟ್ಟಿಗೆಯ ಗುರುತು ಕಂಡು ಯಾರಾದರೂ ಕೇಳಿದರೆ, "ಗೋಡೆ ಕಟ್ಟಿದಾಂವ ಇಂವ" ಎಂದು ಒಬ್ಬರನ್ನೊಬ್ಬರು ತೋರಿಸುತ್ತಾರೆ.

ನಾನು ಕಣ್ಣಾರೆ ಕಂಡಿದ್ದೇನೆ. ಗಾರೆ ಕಲಸಿದವನು ಅಣ್ಣ, ಇಟ್ಟಿಗೆ ಎತ್ತಿಕೊಟ್ಟವನು ತಮ್ಮ. ಹೇಳಲು ಹೋಗುವುದಿಲ್ಲ. ಅವರು ಜಗಳಾಡುತ್ತಿರುವಷ್ಟು ದಿನ ನಾನು ಮನೆಯಾಗಿಯೇ ಇರುತ್ತೇನೆ.