ಚೀಲದೊಳಗಿನ ಕುಂಕುಮದ ಭರಣಿ

ನಾನು ಒಂದು ಕುಂಕುಮದ ಭರಣಿ. ಚನ್ನಪಟ್ಟಣದ ಇಕ್ಕಟ್ಟಾದ ಓಣಿಯೊಂದರಲ್ಲಿ, ಹಾಲೆಮರದ ತುಂಡಿನಿಂದ ಹುಟ್ಟಿದವನು. ನನ್ನನ್ನು ಕಡೆದವರು ಗೌಸ್ ಸಾಹೇಬರು. ಕಡೆಯುವ ಯಂತ್ರದಲ್ಲಿ ಗಿರ್ರನೆ ತಿರುಗುತ್ತಿದ್ದ ನನ್ನ ಮೈಗೆ ಅವರು ಮೊದಲು ಉಳಿ ತಾಗಿಸಿದರು, ಅನಂತರ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ, ಕೆಂಪು ಹಳದಿ ಪಟ್ಟೆಗಳಾಗಿ ಅಂಟಿಕೊಂಡಿತು. ಎಲ್ಲವೂ ಚೆನ್ನಾಗಿಯೇ ಇತ್ತು. ಆದರೆ ಮುಚ್ಚಳ ಕೂರಿಸಿ ನೋಡುವಾಗ ಸಾಹೇಬರು ಲೊಚಗುಟ್ಟಿದರು.

“ಮರ ಇನ್ನೂ ಹಸಿ ಇದೆ. ಒಣಗೋಕೆ ಬಿಡಬೇಕಿತ್ತು. ಆ ಅಂಗಡಿಯವನಿಗೆ ಮಾತ್ರ ಇವತ್ತೇ ಬೇಕಂತೆ!”

ಅವರ ಮಾತು ಸುಳ್ಳಾಗಲಿಲ್ಲ. ಸರಿಯಾಗಿ ಒಣಗದೆ ಕಡೆತಕ್ಕೆ ಬಂದ ಮರ ಆಮೇಲೆ ತನ್ನ ಆಕಾರವನ್ನು ಬದಲಿಸುತ್ತದೆ. ಮಳೆಗಾಲದ ತೇವಕ್ಕೆ ನನ್ನ ಮುಚ್ಚಳ ಉಬ್ಬಿ ಬಿಗಿಯುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಳ್ಳಕವಾಗುತ್ತದೆ. ನೆಮ್ಮದಿಯಿಂದ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ.

ಹೆದ್ದಾರಿಯ ಅಂಗಡಿಯಲ್ಲಿ ನನ್ನನ್ನು ಕೈಗೆತ್ತಿಕೊಂಡವನು ಕೊಳ್ಳೇಗಾಲದ ಪುಟ್ಟಮಾದಯ್ಯ. ಪಶುಸಂಗೋಪನಾ ಇಲಾಖೆಯಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸ ಆತನದು.

“ಮುಚ್ಚಳ ಅಲ್ಲಾಡ್ತದಲ್ಲಯ್ಯ?”

“ಅಲ್ಲಾಡದೇ ಇರೋದು ಲೋಕದಲ್ಲಿ ಯಾವ್ದಿದೆ ಹೇಳಿ ಸ್ವಾಮಿ?” ಎಂದ ಅಂಗಡಿಯವನು.

ಪುಟ್ಟಮಾದಯ್ಯ ನಕ್ಕುಬಿಟ್ಟ. ನಗಿಸಿದವನಿಗೆ ಸೋಲುವ ಮನುಷ್ಯ ಆತ. ಹೀಗೆ ನಾನು ಆತನ ಹೆಂಡತಿ ಜಯಶೀಲಳ ಕೈಸೇರಿದೆ. ಗೋಡೆಯ ಗೂಡಿನಲ್ಲಿ, ಕನ್ನಡಿಯ ಕೆಳಗೆ ನನ್ನ ಜಾಗ. ಅಲ್ಲಿಂದ ನನಗೆ ಕಾಣುತ್ತಿದ್ದುದು ಆಕೆಯ ಗಲ್ಲ, ಬಾಗಿದ ಹಣೆ, ನನ್ನತ್ತ ಇಳಿಯುವ ಉಂಗುರದ ಬೆರಳು.

ಕಾಲುಬಾಯಿ ಜ್ವರದ ಲಸಿಕೆಯ ಕಾಲದಲ್ಲಿ ಒಂದು ಬೆಳಿಗ್ಗೆ ಪುಟ್ಟಮಾದಯ್ಯ ಲಸಿಕೆಯ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಕಾಡಂಚಿನ ಹಾಡಿಗಳತ್ತ ಹೊರಟ. ಪೆಟ್ಟಿಗೆ ಮರಳಿತು; ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ, ಐಸ್ ಕರಗಿ ನೀರಾಗಿದ್ದ ಸ್ಥಿತಿಯಲ್ಲಿ ಅದು ಸಿಕ್ಕಿತ್ತು. ಆತ ಮರಳಲಿಲ್ಲ. ಪೊಲೀಸರು ಹುಡುಕಿದರು, ಊರವರು ಹುಡುಕಿದರು. ಸಂಬಳ ನಿಂತಿತು. ಜಯಶೀಲ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಸೇರಿದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ಆಕೆಯ ಬೆರಳ ತುದಿಗಳು ಬೆಂದು ಸುಕ್ಕುಗಟ್ಟಿದವು. ಆ ಬೆರಳು ನನ್ನೊಳಗೆ ಇಳಿದಾಗಲೆಲ್ಲ ಕುಂಕುಮ ಅದರ ಬಿರುಕಿಗೆ ಮೆತ್ತಿಕೊಳ್ಳುತ್ತಿತ್ತು.

ಅತ್ತೆ ಚಿಕ್ಕತಾಯಮ್ಮ ಪ್ರತಿದಿನ ಸೊಸೆಯ ಹಣೆ ನೋಡಿಯೇ ಕಾಫಿ ಕುಡಿಯುತ್ತಿದ್ದಳು. “ಇನ್ನೂ ವಸಿ ದಪ್ಪ ಇಟ್ಕೊ ಕಣವ್ವ. ಬಂದಾಗ ದೂರದಿಂದ್ಲೇ ಕಾಣ್ಬೇಕು ಅವನ್ಗೆ.”

ಹುಡುಕಾಟ ನಡೆದು ವರ್ಷ ಕಳೆದ ಮೇಲೆ, ‘ಪತ್ತೆಯಾಗಿಲ್ಲ’ ಎಂದು ಪೊಲೀಸರು ವರದಿ ಕೊಟ್ಟರು. ಆಗ ಜಯಶೀಲಳ ಅಣ್ಣ ದೊರೆರಾಜು ಬಂದ.

“ಕುಟುಂಬ ಪಿಂಚಣಿ ಕೇಳೋಣ. ಬೆರಳು ಉಳೀಬೇಕೋ ಬೇಡ್ವೋ ನಿಂಗೆ? ಆದ್ರೆ ಒಂದ್ಮಾತು. ಹಣೆ ತುಂಬ ಕುಂಕುಮ ಮೆತ್ಕೊಂಡು ಹೋಗಿ ಪಿಂಚಣಿ ಕೇಳಿದ್ರೆ ಯಾರು ನಂಬ್ತಾರೆ? ಗಂಡನ್ನ ಒಳಗೆ ಬಚ್ಚಿಟ್ಕೊಂಡು ಬಂದವ್ಳೆ ಅಂತಾರೆ.”

“ಅತ್ತೆ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾರೆ, ಅಣ್ಣಯ್ಯ.”

“ಅವ್ರಿಗ್ಯಾಕೆ ಹೇಳ್ತೀಯ?”

ಅಂದಿನಿಂದ ನನ್ನ ಅಲೆದಾಟ ಆರಂಭವಾಯಿತು. ಕಚೇರಿಗೆ ಹೋಗುವ ದಿನ ಜಯಶೀಲ ಮನೆಯಿಂದ ಕುಂಕುಮವಿಟ್ಟೇ ಹೊರಡುವಳು. ಬಸ್ ನಿಲ್ದಾಣದ ಹಿಂದೆ, ಕಬ್ಬಿನಹಾಲಿನ ಗಾಡಿಯ ಮರೆಯಲ್ಲಿ ಸೆರಗಿನಿಂದ ಹಣೆ ಒರೆಸಿಕೊಳ್ಳುವಳು. ಮರಳಿ ಬಂದಾಗ ಅದೇ ಮರೆಯಲ್ಲಿ ಚೀಲದಿಂದ ನನ್ನನ್ನು ತೆಗೆದು, ಮತ್ತೆ ಇಟ್ಟುಕೊಳ್ಳುವಳು. ಖಾಲಿ ಹಣೆಯಲ್ಲಿಯೇ ಅರ್ಜಿಯ ಫೋಟೋ ತೆಗೆಸಿದ್ದಾಯಿತು. ನಾನು ಚೀಲದಲ್ಲಿ ಅರ್ಜಿಗಳ ನಡುವೆ ಉರುಳಾಡುತ್ತಿದ್ದೆ. ಹಣೆಗೆ ಏರಬೇಕೋ ಇಳಿಯಬೇಕೋ ತಿಳಿಯದ ಕುಂಕುಮವನ್ನು ಹೊತ್ತ ಭರಣಿಗೆ ನೆಮ್ಮದಿ ಎಲ್ಲಿಯದು?

ಜಿಲ್ಲಾ ಕಚೇರಿಯ ಗುಮಾಸ್ತರು ಮೊದಲ ದಿನ ಆಕೆಯ ಮುಖ ನೋಡಿ, “ಯಜಮಾನ್ರು...?” ಎಂದು ಅರ್ಧಕ್ಕೆ ನಿಲ್ಲಿಸಿದರು. ಜಯಶೀಲ ಬಾಯಿ ತೆರೆಯುವ ಮೊದಲೇ ದೊರೆರಾಜು ಹೇಳಿಬಿಟ್ಟ: “ಹೋಗ್ಬಿಟ್ರು ಸಾರ್.”

“ಹಾಗಾದ್ರೆ ಮರಣ ಪ್ರಮಾಣ ಪತ್ರ ತನ್ನಿ.”

ಆ ಒಂದು ಮಾತು ನಮ್ಮನ್ನು ಗಾಣದ ಎತ್ತಿನಂತೆ ಸುತ್ತಿಸಿತು. ಪುರಸಭೆಯಲ್ಲಿ, “ಶವ ಇಲ್ದೆ ಪತ್ರ ಹೇಗೆ ಕೊಡೋದಮ್ಮ?” ಎಂದರು. ವಕೀಲರು, “ಏಳು ವರ್ಷ ಆಗ್ಲಿ, ನ್ಯಾಯಾಲಯಕ್ಕೆ ಹೋಗೋಣ” ಎಂದರು. ಮಳೆಗಾಲ ಕಳೆದು ಬೇಸಿಗೆ ಬಂದಿತು. ನನ್ನ ಮುಚ್ಚಳ ಅಳ್ಳಕವಾಯಿತು.

ಅದೊಂದು ಸುಡುಬಿಸಿಲಿನ ದಿನ, ದೊರೆರಾಜು ಜೊತೆಗೆ ಬರಲಿಲ್ಲ. ಗುಮಾಸ್ತರು ರಜೆಯಲ್ಲಿದ್ದರು. ಜಯಶೀಲ ಒಬ್ಬಳೇ ಅಧೀಕ್ಷಕಿ ಮೆಹರುನ್ನೀಸಾ ಅವರ ಮೇಜಿನ ಮುಂದೆ ನಿಂತು ಚೀಲದಿಂದ ಅರ್ಜಿಯನ್ನು ಹೊರಗೆಳೆದಳು. ಬಸ್ಸಿನ ಕುಲುಕಾಟದಲ್ಲಿ ನನ್ನ ಮುಚ್ಚಳ ಕಳಚಿತ್ತು. ಅರ್ಜಿಯ ಮೇಲೆಲ್ಲ, ಖಾಲಿ ಹಣೆಯ ಆ ಫೋಟೋದ ಮೇಲೆಲ್ಲ ಕುಂಕುಮ!

“ಇದೇನಮ್ಮ, ಅರ್ಜಿಗೆ ಪೂಜೆ ಮಾಡ್ಕೊಂಡು ಬಂದಿದ್ದೀರಾ?”

ಜಯಶೀಲಳಿಗೆ ಅಳು ತಡೆಯಲಾಗಲಿಲ್ಲ. ಗಾಡಿಯ ಮರೆ, ಅತ್ತೆಯ ಕಾಫಿ, ಅಣ್ಣನ ಮಾತು, ಎಲ್ಲವೂ ಹೊರಬಂದವು. ಮೇಡಂ ಕುಂಕುಮ ಕೊಡವಿ, ಪೊಲೀಸರ ವರದಿಯನ್ನು ಓದಿದರು.

“ನಿಮ್ಮ ಯಜಮಾನ್ರು ತೀರಿಕೊಂಡಿದ್ದಾರೆ ಅಂತ ಇದರಲ್ಲಿ ಎಲ್ಲಿದೆ?”

“ಇಲ್ಲ ಮೇಡಂ.”

“ಮತ್ತೆ ನೀವ್ಯಾಕೆ ಹೇಳ್ತೀರಿ? ಕಾಣೆಯಾದ ನೌಕರರ ಹೆಂಡತಿಗೂ ಕುಟುಂಬ ಪಿಂಚಣಿ ಇದೆ. ದೂರಿನ ಪ್ರತಿ, ಈ ವರದಿ, ಒಂದು ಬಾಂಡ್. ಅವರು ವಾಪಸ್ ಬಂದ್ರೆ ತಗೊಂಡ ಹಣ ಹಿಂದಿರುಗಿಸ್ತೀನಿ ಅಂತ ಬರ್ಕೊಡ್ಬೇಕು, ಅಷ್ಟೇ. ಹೊಸ ಫೋಟೋ ತನ್ನಿ. ದಿನಾ ಹೇಗಿರ್ತೀರೋ ಹಾಗೇ ತೆಗೆಸಿ. ನಮಗೆ ಬೇಕಾಗಿರೋದು ನಿಮ್ಮ ಗುರುತು ಕಣಮ್ಮ.”

ಮರಳುವಾಗ ಗಾಡಿಯ ಮರೆಯಲ್ಲಿ ಆಕೆ ನನ್ನನ್ನು ತೆಗೆದಳು. ನಾನು ಬರಿದಾಗಿದ್ದೆ, ತಳದ ಅಂಚಿನಲ್ಲಿ ಮಾತ್ರ ಒಂದಿಷ್ಟು ಪುಡಿ ಕಚ್ಚಿಕೊಂಡಿತ್ತು. ಆಕೆಯ ಬೆರಳು ಅದನ್ನು ಮುಟ್ಟಲಿಲ್ಲ. ಖಾಲಿ ಹಣೆಯಲ್ಲೇ ಮನೆಯತ್ತ ನಡೆದಳು.

ಜಗಲಿಯಲ್ಲಿದ್ದ ಚಿಕ್ಕತಾಯಮ್ಮ ಆ ಹಣೆ ಕಂಡವಳೇ ಕಂಬ ಹಿಡಿದು ಕುಸಿದಳು. “ಎಲ್ಲಿ ಸಿಕ್ದ? ಯಾವ ಹಳ್ಳದಲ್ಲಿ ಸಿಕ್ದ ನನ್ ಮಗ?”

“ಸಿಕ್ಕಿಲ್ಲ ಅತ್ತೆ. ಏನೂ ಆಗಿಲ್ಲ. ನಾನೇ ಒರೆಸ್ಕೊಂಡೆ.” ಜಯಶೀಲ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು.

ಮುದುಕಿ ಬೈದಳು. ಅಣ್ಣನ ವಂಶವನ್ನೆಲ್ಲ ಎಳೆದು ಬೈದಳು. “ನನ್ ಮಗನ್ನ ಬಸ್‌ಸ್ಟ್ಯಾಂಡಲ್ಲಿ ಸಾಯ್ಸಿ ಸಾಯ್ಸಿ ಬದುಕಿಸ್ತಿದ್ಯೇನೇ?” ಬೈದು ಬೈದು ದಣಿದ ಮೇಲೆ, ಸೊಸೆಯ ಬೆಂದ ಬೆರಳುಗಳನ್ನು ತನ್ನ ಕೈಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು:

“ಆ ಮೇಡಮ್ಮು ಏನ್ ಬರ್ಕೊಡು ಅಂದ್ಲು?”

“ಅವ್ರು ವಾಪಸ್ ಬಂದ್ರೆ ದುಡ್ಡು ಹಿಂದಕ್ಕೆ ಕೊಡ್ತೀನಿ ಅಂತ.”

“ಬಂದ್ರೆ ಅಂತ ಸರ್ಕಾರವೇ ಬರಸ್ಕೊತದಾ?”

“ಹ್ಞೂಂ ಅತ್ತೆ.”

ಚಿಕ್ಕತಾಯಮ್ಮನ ಸುಕ್ಕುಬಿದ್ದ ಮುಖದಲ್ಲಿ ನಗೆಯಂಥದೊಂದು ಸುಳಿಯಿತು. “ನೋಡ್ದಾ! ಊರೋರ್ಗೆ ಇಲ್ದಿದ್ರೂ ಸರ್ಕಾರಕ್ಕೆ ನಂಬ್ಕೆ ಅದೆ. ತಗೊಂಬಾ ಆ ಭರಣಿಯ.”

ಆಕೆ ತನ್ನ ಒರಟು ಉಗುರಿನಿಂದ ನನ್ನ ತಳವನ್ನು ಕೆರೆದಳು. ನನಗೆ ನೋವಾಯಿತು, ಅಷ್ಟು ಒಳ್ಳೆಯ ನೋವನ್ನು ನಾನು ಕಂಡಿರಲಿಲ್ಲ. ಉಳಿದಿದ್ದ ಪುಡಿಯನ್ನೆಲ್ಲ ಒಟ್ಟುಗೂಡಿಸಿ ಸೊಸೆಯ ಹಣೆಗೆ ಒತ್ತಿದಳು. “ನಡಿ, ಪಟ ತೆಗಸ್ಕೊಂಡು ಬರಾಣ. ನಾನೂ ಬತ್ತೀನಿ.”

ಆ ಪಟ ಅಂಟಿಸಿದ ಅರ್ಜಿಗೇ ಪಿಂಚಣಿ ಮಂಜೂರಾಯಿತು. ಜಯಶೀಲಳ ಬೆರಳುಗಳು ಬಿಸಿನೀರಿನಿಂದ ಹೊರಬಂದವು.

ಈಗ ಚಿಕ್ಕತಾಯಮ್ಮ ಇಲ್ಲ. ಜಯಶೀಲಳ ತಲೆ ನರೆತಿದೆ. ನನ್ನ ಅರಗು ಸಿಪ್ಪೆಯೆದ್ದಿದೆ. ಕಿಟಕಿಯ ಮೂಲೆಯಲ್ಲಿ ಪಿನ್ನು, ಗುಂಡಿಗಳನ್ನು ತುಂಬಿಕೊಂಡು ಕುಳಿತಿದ್ದೇನೆ. ತಾನು ಬದುಕಿರುವೆನೆಂದು ತೋರಿಸಲು ಆಕೆ ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗುತ್ತಾಳೆ. ಆತ ಬದುಕಿರುವನೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಸಿಮರ ಎಂದು ಸಾಹೇಬರು ನನ್ನನ್ನು ಪಕ್ಕಕ್ಕೆಸೆದಿದ್ದರೆ ಏನಾಗುತ್ತಿತ್ತು ಎಂದು ಆಗಾಗ ಯೋಚಿಸುತ್ತೇನೆ. ಬಿಗಿಯಾದ ಮುಚ್ಚಳದ ಭರಣಿಯೊಂದು ಆ ಚೀಲದಲ್ಲಿ ಗುಟ್ಟನ್ನು ಕಾಪಾಡಿಕೊಂಡು ಇನ್ನೂ ಅಲೆಯುತ್ತಿತ್ತೋ ಏನೋ. ಅಷ್ಟರಲ್ಲಿ ಬೀದಿಬಾಗಿಲ ಚಿಲಕದ ಸದ್ದಾಗುತ್ತದೆ. ಜಯಶೀಲ ದಡಬಡಿಸಿ ಎದ್ದು, ಕನ್ನಡಿಯಲ್ಲಿ ಹಣೆ ನೋಡಿಕೊಂಡು ಬಾಗಿಲಿಗೆ ನಡೆಯುತ್ತಾಳೆ. ಆಕೆಯ ಸೆರಗು ತಾಗಿ ನನ್ನ ಮುಚ್ಚಳ ಕಟಕಟನೆ ಅಲುಗುತ್ತದೆ.