ದುಂಡಪ್ಪನ ಕೆಂಪು ಗಿಟಾರು

ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಇಪ್ಪತ್ತು ವರ್ಷ ಬೈಲಹೊಂಗಲದ ನಮ್ಮ ಓಣಿಯ ಸೋಮವಾರದ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸಿದವನು ನಾನು. ಸ್ವರ ಗೊತ್ತಿದ್ದವನೆಂದರೆ ಸತ್ಯಪ್ಪ ಒಬ್ಬನೇ ಎಂದು ಓಣಿಯೇ ಹೇಳುತ್ತಿತ್ತು. ದುಂಡಪ್ಪ ನನ್ನ ಪಕ್ಕದಲ್ಲಿ ತಾಳ ಕುಟ್ಟುತ್ತಿದ್ದ, ಅಷ್ಟೇ. ಹತ್ತಿ ಅಡತಿ ಅಂಗಡಿಯ ಗುಮಾಸ್ತ, ಐವತ್ತೆರಡು ವಯಸ್ಸು, ನನ್ನ ಜೊತೆ ಸಾಲಿ ಕಲಿತವನು. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಆ ಮನುಷ್ಯನಿಗೆ ಗಿಟಾರು ಕಲಿಯುವ ಹುಚ್ಚು ಹಿಡಿಯಿತು.

ನವಿಲುತೀರ್ಥದ ಕಾಲನಿಯಲ್ಲಿ ಆಣೆಕಟ್ಟಿನ ಕೆಲಸ ಮುಗಿಸಿದ ಜನ ಗಂಟುಮೂಟೆ ಕಟ್ಟುತ್ತಿದ್ದರು. ಗೋವಾದ ಮೆಕ್ಯಾನಿಕ್ ಒಬ್ಬ ತನ್ನ ಎರಡು ಹಳೆಯ ಗಿಟಾರು ಮಾರುತ್ತಾನೆ, ಯಾವುದಾದರೂ ಅರವತ್ತು ರೂಪಾಯಿ ಎಂದು ದುಂಡಪ್ಪ ಸುದ್ದಿ ತಂದ.

“ಹೊಸಾದು ತಗೊಳ್ಳೂ ತಾಕತ್ತ ನನಗಿಲ್ಲ. ಹಳೇದರಾಗ ಛಲೋ ಯಾವದು, ಕೆಟ್ಟದ್ದು ಯಾವದು, ನನಗೇನ ತಿಳೀತೈತಿ? ನಿನ್ನ ಕಿವಿ ಬೇಕೋ ಸತ್ಯಾ. ನೀ ಹೇಳಿದ್ದ ತಗೊಂತೇನಿ.”

“ಹಲ್ಲ ಇದ್ದಾಗ ಕಡ್ಲಿ ಇರಲಿಲ್ಲ, ಈಗ ಕಡ್ಲಿ ಬಂದ್ರ ಹಲ್ಲ ಎಲ್ಲಿ ಅದಾವೋ?” ಅಂದೆ.

“ಬೆರಳ ಅದಾವಲ್ಲ!” ಎಂದು ನಕ್ಕ.

ಆ ನಗು ನನಗೆ ಸೇರಲಿಲ್ಲ. ಇವತ್ತು ಗಿಟಾರು ಹಿಡಿದವನು ನಾಳೆ ಅದನ್ನು ಭಜನೆಗೆ ತರುತ್ತಾನೆ. ತಂದ ಮೇಲೆ ನನ್ನ ಪೇಟಿಯನ್ನು ಯಾರು ಕೇಳುತ್ತಾರೆ? ಅವನ ಜೊತೆ ನವಿಲುತೀರ್ಥಕ್ಕೆ ಹೊರಟಾಗ ಮುನವಳ್ಳಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ಯೋಚನೆ.

ಮೆಕ್ಯಾನಿಕ್ ಎರಡನ್ನೂ ಹೊರಸಿನ ಮೇಲಿಟ್ಟು ಸಾಮಾನು ಕಟ್ಟಲು ಹೋದ. ಒಂದು ಕೆಂಪು, ಕನ್ನಡಿಯಂಥ ಪಾಲಿಶ್. ಇನ್ನೊಂದು ಕರಿಯದು, ಹೊಟ್ಟೆಯ ಮೇಲೆಲ್ಲ ಗೀರು. ನಾನು ಒಂದು ಕಣ್ಣು ಮುಚ್ಚಿ, ಸಂತೆಯಲ್ಲಿ ನೊಗ ಕೊಳ್ಳುವವನ ಹಾಗೆ, ಎರಡರ ಕುತ್ತಿಗೆಯನ್ನೂ ನೋಡಿದೆ. ಕೆಂಪಿನದು ಡೊಂಕು. ತಂತಿ ಮರದಿಂದ ಎಷ್ಟು ಮೇಲಿತ್ತೆಂದರೆ ಒತ್ತಿದರೆ ಬೆರಳು ಕೊಯ್ಯಬೇಕು. ಕುತ್ತಿಗೆಗೆ ಅಡ್ಡಡ್ಡ ಕೂರಿಸಿದ ಮೆಟ್ಟಿಲುಗಳಲ್ಲಿ ಹೊಟ್ಟೆಯ ಕಡೆಯ ಕೆಳಗಿನವನ್ನು ಒತ್ತಿದರೆ ಸ್ವರ ಸುಳ್ಳು. ಕರಿಯದು ಬೆಣ್ಣೆ, ಎಲ್ಲಿ ಮುಟ್ಟಿದರೂ ಸ್ವರ ಸರಿ.

“ಯಾವದೋ?” ಅಂದ ದುಂಡಪ್ಪ.

“ಕೆಂಪು ತಗೋ,” ಅಂದೆ. “ಕರೀದರ ಧ್ವನಿ ಒಡದೈತಿ.”

ಮರುಮಾತಾಡದೆ ದುಡ್ಡು ಕೊಟ್ಟ. ಬೆರಳು ಎಲ್ಲೆಲ್ಲಿ ಇಡಬೇಕೆಂದು ಮೆಕ್ಯಾನಿಕ್ ಒಂದು ಹಾಳೆಯ ಮೇಲೆ ಬರೆದುಕೊಟ್ಟ.

ಅಷ್ಟಕ್ಕೇ ಬಿಟ್ಟೆನೇ? ಮುಂದಿನ ರವಿವಾರ ಯಾರಿಗೂ ಹೇಳದೆ ಹೋಗಿ ಆ ಕರಿಯ ಗಿಟಾರನ್ನು ನಾನೇ ತಂದೆ. ಅವನಿಗಿಂತ ಮೊದಲು ನಾನು ಕಲಿಯಬೇಕಿತ್ತು. ಸ್ವರಜ್ಞಾನ ಇದ್ದವನಿಗೆ ಅದೇನು ಮಹಾ? ನಾಲ್ಕು ದಿನ ಒತ್ತಿದೆ. ಬೆರಳ ತುದಿ ಬೆಂದ ಹಾಗೆ ಉರಿಯಿತು. ಐದನೆಯ ದಿನ ಕೌದಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿ, “ಯಾರೋ ಇಡಾಕ ಕೊಟ್ಟಾರ, ಮುಟ್ಟಬ್ಯಾಡ,” ಎಂದು ಹೆಂಡತಿ ಸಾವಂತ್ರೆವ್ವನಿಗೆ ಹೇಳಿದೆ.

ಅತ್ತ ದುಂಡಪ್ಪ ಬೆರಳಿಗೆ ಅರಿಷಿಣ ಹಚ್ಚಿ ಚಿಂದಿ ಸುತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದ. ರಕ್ತ ಕಂಡು ನನಗೆ ಒಳಗೊಳಗೆ ಹಿಗ್ಗು.

“ಬಿಟ್ಟಬಿಡೋ ಮಾರಾಯಾ. ಆ ಗಿಟಾರು ಸರಿ ಇರಲಿಕ್ಕಿಲ್ಲ,” ಅಂದೆ ಒಂದು ದಿನ.

“ನೀ ಆರಿಸಿಕೊಟ್ಟದ್ದು ಸರಿ ಇರದ ಇರ್ತೈತೇನು! ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ. ನನ್ನ ಬೆರಳ ದಡ್ಡ ಅದಾವು.”

ಖರೇ ಹೇಳುತ್ತೇನೆ, ಅರಿಷಿಣ ಇನ್ನಷ್ಟು ಹಚ್ಚಿಕೋ ಎಂದು ಹೇಳಿ ಮನೆಗೆ ಬಂದೆ.

ನಾಲ್ಕು ತಿಂಗಳಾದ ಮೇಲೆ ಒಂದು ಸೋಮವಾರ ಅವನು ಗಿಟಾರು ತಂದು ಭಜನೆಯಲ್ಲಿ ಕುಳಿತ. ಸುಳ್ಳು ಹೇಳುವ ಮೆಟ್ಟಿಲುಗಳನ್ನೆಲ್ಲ ಬಿಟ್ಟು, ಮೇಲಿನ ನಾಲ್ಕರಲ್ಲೇ ಬೆರಳಾಡಿಸಿ ಇಡೀ ಭಜನೆಯ ಪದ ನುಡಿಸಿದ. ಹಿರಿಯ ಬಸಲಿಂಗಪ್ಪ ಕಣ್ಣೊರೆಸಿಕೊಂಡು, “ಸತ್ಯಪ್ಪಾ, ಪೇಟಿ ಸ್ವಲ್ಪ ಸಣ್ಣಗ ಬಾರಸ್ರಿ, ಅದು ಕೇಳ್ಲಿ,” ಅಂದ. ಇಪ್ಪತ್ತು ವರ್ಷದಲ್ಲಿ ಆ ಮಾತು ಯಾರೂ ನನಗೆ ಅಂದಿರಲಿಲ್ಲ.

ಭಜನೆ ಮುಗಿಸಿ ಅವನು ನಮ್ಮ ಮನೆಗೆ ಚಹಾಕ್ಕೆ ಬಂದ. ಸಾವಂತ್ರೆವ್ವನ ಹಿಗ್ಗೋ ಹಿಗ್ಗು. “ಏನ ಛಂದ ಬಾರಿಸಿದ್ರಿ ಅಣ್ಣಾ! ನಮ್ಮ ಅಟ್ಟದಾಗೂ ಅಂಥಾದ್ದೊಂದು ಐತಿ, ನೋಡ್ರಿ,” ಎಂದು, ನಾನು ಕಣ್ಣು ಕೆಂಪಗೆ ಮಾಡುವುದರೊಳಗೆ ಕೌದಿ ಬಿಚ್ಚಿ ಅವನ ಮುಂದಿಟ್ಟಳು.

ಹೊಟ್ಟೆಯ ಮೇಲಿನ ಗೀರುಗಳನ್ನು ದುಂಡಪ್ಪ ಗುರುತು ಹಿಡಿದ. ತಂತಿ ಬಿಗಿಮಾಡಿ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಮೆಟ್ಟಿಲು ಒತ್ತಿ ನುಡಿಸಿದ. ಒಂದೂ ಸುಳ್ಳು ಹೇಳಲಿಲ್ಲ. ಆಮೇಲೆ ಒಂದು ಕಣ್ಣು ಮುಚ್ಚಿ, ಅವತ್ತು ನಾನು ನೋಡಿದ ಹಾಗೆಯೇ, ಮೊದಲು ಕರಿಯದರ ಕುತ್ತಿಗೆ ನೋಡಿದ, ನಂತರ ತನ್ನ ಕೆಂಪಿನದು.

“ನಾಕ ತಿಂಗಳ ನನ್ನ ಬೆರಳಿಗೆ ಬೈದೆನಲ್ಲೋ ಸತ್ಯಾ,” ಅಂದ.

ಕರಿಯ ಗಿಟಾರನ್ನು ಧೋತರದ ಚುಂಗಿನಿಂದ ಒರೆಸಿ ನನ್ನ ತೊಡೆಯ ಮೇಲಿಟ್ಟ. “ನಾಳೆ ಸಂಜೀಕ ಇದನ್ನ ತಗೊಂಡು ಬಾ. ಕಲಿಸ್ತೇನಿ.”

ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಹಾಗೆ ಹೇಳುವ ದೊಡ್ಡ ಮನಸ್ಸೂ ಅವನಿಗೇ ಬಂತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಆದರೂ ಮರುದಿನ ಹೋದೆ. ಅವನೆದುರು ಕುಳಿತು, ಅವನು ತೋರಿಸಿದಲ್ಲಿ ಮೂರು ಬೆರಳಿಟ್ಟು ಒತ್ತಿದೆ.

“ನೋಯ್ತೈತೇನು?” ಅಂದ.

“ಹೂಂ.”

“ನೋಯ್ಲಿ,” ಅಂದ ದುಂಡಪ್ಪ.