ಕೊಕ್ಕೆ ಸಾಹೇಬರು ನೋಡಿದ ಮನೆಗಳು

ವಿಮಾ ಕಂಪನಿಯಲ್ಲಿ ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದ ಅವರಿಗೆ ಕಚೇರಿಯವರು ಇಟ್ಟ ಹೆಸರು ಕೊಕ್ಕೆ ಸಾಹೇಬರು. ಸುಟ್ಟ ಅಂಗಡಿ, ನುಜ್ಜುಗುಜ್ಜಾದ ಕಾರು, ನೀರು ನುಗ್ಗಿದ ಗೋದಾಮು, ಯಾವುದರ ಫೋಟೋ ಮೇಜಿಗೆ ಬಂದರೂ ಅವರು ಮೊದಲು ಹುಡುಕುತ್ತಿದ್ದದ್ದು ಅದರಲ್ಲಿ ಇಲ್ಲದ್ದನ್ನು. ನಿವೃತ್ತಿಯ ದಿನ ಕೊಟ್ಟ ಗೋಡೆ ಗಡಿಯಾರವನ್ನೂ ತಿರುಗಿಸಿ ನೋಡಿ, "ಇದು ಬೇರೆ ಯಾರಿಗೋ ಕೊಟ್ಟು ವಾಪಸ್ ಬಂದಿದ್ದು" ಎಂದಿದ್ದರು. ಆ ಮಾತು ನಿಜವಾಗಿತ್ತು ಅನ್ನುವುದೇ ಎಲ್ಲರಿಗೂ ಹೆಚ್ಚು ಸಿಟ್ಟು ತರಿಸಿತ್ತು.

ಅವರ ಹೆಂಡತಿ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಗಂಡನೂ ಸೇರಿದಂತೆ ಎಲ್ಲರಿಗೂ ಅವರು ಟೀಚರ್. ಸಾವಿರಾರು ಮಕ್ಕಳಿಗೆ ನದಿ, ಕೊಲ್ಲಿ, ಪರ್ವತಗಳನ್ನು ಕೋಲು ಹಿಡಿದು ತೋರಿಸಿದ್ದ ಟೀಚರ್, ತಾವು ಮಾತ್ರ ಊರು ಬಿಟ್ಟು ಹೋದದ್ದು ಬೆರಳೆಣಿಕೆಯಷ್ಟು ಸಲ. ಅವರಿಗೆ ತಂಗಿಯ ಮಗಳು ಒಂದು ವೆಬ್‌ಸೈಟ್ ತೋರಿಸಿಕೊಟ್ಟಳು. ಮನೆಯವರು ಪ್ರವಾಸ ಹೋದಾಗ ಅವರ ಮನೆಯಲ್ಲಿದ್ದು, ಬೆಕ್ಕಿಗೋ ನಾಯಿಗೋ ಊಟ ಹಾಕಿ, ಗಿಡಕ್ಕೆ ನೀರು ಹಾಕಿದರೆ ಆಯಿತು. ಬಾಡಿಗೆಯೂ ಇಲ್ಲ, ಸಂಬಳವೂ ಇಲ್ಲ.

"ಬಿಟ್ಟಿ ಸಿಗುತ್ತೆ ಅಂದ್ರೆ ಅದರಲ್ಲಿ ಏನೋ ಇದೆ," ಎಂದರು ಸಾಹೇಬರು.

ಹೀಗೆಂದರೂ ಬೆಳಗಿನ ಚಹಾ ಮುಗಿದು ಟೀಚರ್ ಲ್ಯಾಪ್‌ಟಾಪ್ ತೆರೆದರೆ ಸಾಕು, ಕನ್ನಡಕ ಏರಿಸಿಕೊಂಡು ಅವರ ಕುರ್ಚಿಯ ಹಿಂದೆ ಹಾಜರಾಗುತ್ತಿದ್ದರು.

"ಎಷ್ಟು ದೊಡ್ಡ ಹಾಲ್ ನೋಡ್ರೀ."

"ದೊಡ್ಡದು ಹಾಲ್ ಅಲ್ಲ, ಲೆನ್ಸು. ಆ ಸೋಫಾ ನೋಡು, ರಬ್ಬರಿನ ಹಾಗೆ ಎಳ್ಕೊಂಡಿದೆ. ಅಲ್ಲಿ ಇಬ್ಬರು ಎದುರುಬದುರು ಕೂತ್ರೆ ಮಂಡಿಗೆ ಮಂಡಿ ತಗಲುತ್ತೆ."

ಮತ್ತೊಂದು ಮನೆಯ ಅಡುಗೆಕಟ್ಟೆಯ ಮೇಲೆ ಬುಟ್ಟಿ ತುಂಬ ನಿಂಬೆಹಣ್ಣು. "ಒಲೆ ಹತ್ರ ಒಂದು ಎಣ್ಣೆ ಕಲೆ ಇಲ್ಲ. ಒಲೆನೇ ಹಚ್ಚದ ಮನೇಲಿ ಇಷ್ಟೊಂದು ನಿಂಬೆಹಣ್ಣು ಯಾರು ಹಿಂಡ್ತಾರಂತೆ?" ಇನ್ನೊಂದರಲ್ಲಿ ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದರು. ಸಾಹೇಬರು ಅದಕ್ಕೆ ಮಾತನ್ನೂ ಖರ್ಚು ಮಾಡಲಿಲ್ಲ, ಮೂಗಿನಲ್ಲೇ ಮುಗಿಸಿದರು. ಹನ್ನೊಂದು ಫೋಟೋಗಳಲ್ಲಿ ಒಂಬತ್ತು ನಾಯಿಯದೇ ಇದ್ದ ಮನೆ ಬಂದಾಗ, "ಇವರು ಹುಡುಕ್ತಿರೋದು ಮನೆ ಕಾಯೋರನ್ನೋ, ನಾಯಿಗೆ ಸಂಬಂಧಾನೋ?" ಎಂದರು. ಬಾಲ್ಕನಿಯಿಂದ ತೆಗೆದ ಸೂರ್ಯಾಸ್ತಗಳಿಗಂತೂ ಒಂದೇ ತೀರ್ಪು: "ಸೂರ್ಯ ಎಲ್ಲರ ಮನೇಲೂ ಮುಳುಗ್ತಾನೆ. ಕಕ್ಕಸು ಎಲ್ಲಿ?"

"ನಿಮ್ಮ ಕಣ್ಣಿಗೆ ಅರಮನೆ ತೋರಿಸಿದ್ರೂ ಮೊದಲು ಮೋರಿನೇ ಕಾಣೋದು," ಎಂದರು ಟೀಚರ್.

"ಮೋರಿ ಸರಿಯಿದ್ರೆ ತಾನೇ ಅರಮನೆ?"

ಮೂರು ವಾರಗಳಲ್ಲಿ ನಲವತ್ತಾರು ಮನೆ ಹೀಗೆ ನೆಲಕಚ್ಚಿದವು. ನಲವತ್ತೇಳನೆಯದು ಕಡಲ ದಂಡೆಯ ಮನೆ. ಯಜಮಾನರು ಹಲ್ಲಿನ ಡಾಕ್ಟರು. ಗಂಡ ಸ್ನಾನಕ್ಕೆ ಹೋದಾಗ ಟೀಚರ್ ಅರ್ಜಿ ಕಳಿಸಿದ್ದರು. ಡಾಕ್ಟರು ವಿಡಿಯೋ ಕರೆಯಲ್ಲಿ ನಗುನಗುತ್ತಾ ಮಾತಾಡುತ್ತಿದ್ದಾಗ ಸಾಹೇಬರು ಹಿಂದಿನಿಂದ ತಲೆ ತೂರಿಸಿ, "ಎಲ್ಲಾ ಫೋಟೋನೂ ಎಡಗಡೆಯಿಂದ್ಲೇ ತೆಗ್ದಿದ್ದೀರಲ್ಲ, ಬಲಗಡೆ ಗೋಡೆ ಇದೆ ತಾನೆ?" ಎಂದು ಕೇಳಿದರು. ಡಾಕ್ಟರ ನಗು ಹಾಗೇ ಉಳಿಯಿತು. ಮನೆ ಮಾತ್ರ ಮರುದಿನ ಬೇರೆಯವರಿಗೆ ಹೋಯಿತು.

ಆ ಮಧ್ಯಾಹ್ನವೇ ಟೀಚರ್ ತಮ್ಮೊಬ್ಬರ ಹೆಸರಿನಲ್ಲೇ ಇನ್ನೊಂದು ಮನೆಗೆ ಅರ್ಜಿ ಹಾಕಿದರು. ಬಸ್ಸಿನಲ್ಲಿ ಏಳು ಗಂಟೆಯ ದಾರಿ, ಗುಡ್ಡದ ಮೇಲಿನ ಹಳೆಯ ಮನೆ. ಯಜಮಾನ ಕಹಳೆ ಕಲಿಸುವ ಮೇಷ್ಟ್ರು, ನಾಲ್ಕು ವಾರ ಮಗಳ ಮನೆಗೆ ಹೊರಟಿದ್ದ. ನೋಡಿಕೊಳ್ಳಬೇಕಾದದ್ದು ಒಂದು ಗಿಳಿ.

"ಆರು ಫೋಟೋದಲ್ಲೂ ನೆಲ, ಕಿಟಕಿ, ಗಿಳಿ. ಸೂರು ಎಲ್ಲಿ?" ಎಂದರು ಸಾಹೇಬರು.

"ಸೂರು ಮೇಲಿರುತ್ತೆ," ಎಂದು ಟೀಚರ್ ಪೆಟ್ಟಿಗೆಯ ಜಿಪ್ ಎಳೆದರು. "ನೀವು ಬರಬೇಡಿ. ನಾನು ಒಂದು ತಿಂಗಳು ಕಣ್ಣಿಗೆ ಕಂಡದ್ದನ್ನ ಚೆನ್ನಾಗಿದೆ ಅಂದ್ಕೊಂಡು ಇರ್ತೀನಿ."

ದಿನವೂ ಅಲ್ಲಿಂದ ಒಂದೆರಡು ಫೋಟೋ ಬರುತ್ತಿದ್ದವು. ಸಾಹೇಬರು ತಪ್ಪದೆ ವರದಿ ಒಪ್ಪಿಸುತ್ತಿದ್ದರು: ಪರದೆ ಒಗೆದು ಕುಗ್ಗಿದೆ, ಬಾಗಿಲು ಓರೆಯಾಗಿದೆ, ಗಿಳಿಗೆ ವಯಸ್ಸಾಗಿದೆ. ಟೀಚರ್ ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದರು.

ಒಂಬತ್ತನೆಯ ದಿನ ಅಡುಗೆಮನೆಯ ಮೇಜಿನ ಫೋಟೋ ಬಂತು. ಮೇಲಂಚಿನಲ್ಲಿ ಸೂರಿನ ತುಂಡೊಂದು ಸಿಕ್ಕಿಬಿದ್ದಿತ್ತು, ಅದರಲ್ಲೊಂದು ಕಂದು ಕಲೆ. ನಾಲ್ಕನೆಯ ದಿನದ ಫೋಟೋದಲ್ಲೂ ಅದು ಇದ್ದದ್ದು ಸಾಹೇಬರಿಗೆ ನೆನಪಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತಟ್ಟೆಯಷ್ಟಿದ್ದ ಕಲೆ ಕಿಟಕಿಯ ಚೌಕಟ್ಟಿನವರೆಗೆ ಹರಡಿತ್ತು. ನಡುವೆ ಗಾರೆ ಉಬ್ಬಿ, ಅದರ ಕೆಳಗೆ ಸಣ್ಣ ನೆರಳು ಬಿದ್ದಿತ್ತು. ಆ ನೆರಳು ಕಂಡದ್ದೇ ಫೋನ್ ಮಾಡಿದರು.

"ಆ ಮೇಜಿನ ಹತ್ರ ಕೂರಬೇಡ."

"ಈಗ ಮೇಜೂ ಸರಿಯಿಲ್ವಾ?"

"ಮೇಜಲ್ಲ ಮಾರಾಯ್ತಿ, ಅದರ ಮೇಲೆ. ಸೂರು ಉಬ್ಬಿದೆ."

"ಏಳು ಗಂಟೆ ದಾರಿ ಆಚೆಯಿಂದ ನನ್ನ ತಲೆ ಮೇಲಿನ ಉಬ್ಬು ಕಾಣುತ್ತೆ ನಿಮಗೆ. ಎದುರಿಗೇ ಇದ್ದೆ, ನಾನು ಹೊಸ ಕನ್ನಡಕ ಹಾಕಿ ಆರು ತಿಂಗಳಾಯ್ತು, ಅದು ಕಾಣಲಿಲ್ಲ." ಟೀಚರ್ ಫೋನ್ ಇಟ್ಟರು.

ಸಾಹೇಬರು ಮರುದಿನ ಬೆಳಗಿನ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಆ ಎರಡು ಫೋಟೋಗಳನ್ನೇ ನೋಡಿದರು. ಎಷ್ಟೋ ಸೂರು ಬಿದ್ದ ಮೇಲೆ ಹೋಗಿ ಅಳೆದವರು. ಬೀಳುವ ಮೊದಲು ಹೋಗುತ್ತಿದ್ದದ್ದು ಇದೇ ಮೊದಲು.

ಬಾಗಿಲು ತೆರೆದ ಟೀಚರ್ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. "ಬಂದ್ರಾ? ಮೊದಲು ಕಕ್ಕಸು ತೋರಿಸ್ಲಾ?"

ಸಾಹೇಬರು ನೇರ ಅಡುಗೆಮನೆಗೆ ನಡೆದರು. ಹೆಂಡತಿಯನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಗಿಳಿಯ ಪಂಜರ ಎತ್ತಿ ಅವರ ಕೈಗೆ ಕೊಟ್ಟರು. ಉದ್ದನೆಯ ಪೊರಕೆ ಹಿಡಿಯಿಂದ ದೂರ ನಿಂತು ಸೂರನ್ನು ತಟ್ಟಿದರು. ಟೊಳ್ಳು ಸದ್ದು. ಇನ್ನೊಮ್ಮೆ ತಟ್ಟುವಷ್ಟರಲ್ಲಿ ಬಾಗಿಲಿನಗಲದ ಗಾರೆ ಒಟ್ಟಿಗೇ ಕಳಚಿ ಬಿತ್ತು. ಧೂಳು ಇಳಿದಾಗ ಟೀಚರ್ ದಿನಾ ಕೂರುತ್ತಿದ್ದ ಕುರ್ಚಿಯ ಬೆನ್ನು ಎರಡು ತುಂಡಾಗಿತ್ತು.

ಟೀಚರ್ ಬಹಳ ಹೊತ್ತು ಕುರ್ಚಿಯನ್ನೇ ನೋಡಿದರು. ಆಮೇಲೆ ಒಂದು ಬಟ್ಟೆ ತಂದು ಗಂಡನ ಹೆಗಲ ಮೇಲಿನ ಧೂಳನ್ನು, ಬೇಕಾದದ್ದಕ್ಕಿಂತ ಜೋರಾಗಿಯೇ, ಕೊಡವಿದರು.

"ಹೇಳಿದ್ನಲ್ಲ ಅನ್ನಿ. ಅಂದು ಮುಗಿಸಿಬಿಡಿ."

ಸಾಹೇಬರು ಕುಡಿಯಲು ನೀರು ಕೇಳಿದರು.

ಸಂಜೆ ಕಹಳೆ ಮೇಷ್ಟ್ರಿಗೆ ಫೋನ್ ಮಾಡಿದ್ದು ಟೀಚರ್.

"ಅಲ್ಲಮ್ಮಾ, ಸೂರು ಚೆನ್ನಾಗೇ ಇತ್ತು," ಎಂದ ಮೇಷ್ಟ್ರು. "ಕೋಲಲ್ಲಿ ತಿವಿದ್ರೆ ಯಾವುದು ಬೀಳಲ್ಲ ಹೇಳಿ? ನನ್ನ ಫೋಟೋ ನೋಡಿ, ಎಲ್ಲಾದ್ರೂ ಬಿರುಕಿದೆಯಾ?"

ಕಾಪಿ ಹೊಡೆದ ಹುಡುಗನನ್ನು ನಿಲ್ಲಿಸಿಕೊಂಡು ಮಾತಾಡುವ ದನಿ ಬಂತು ಟೀಚರಿಗೆ. "ಮಾಳಿಗೆ ಮೇಲೆ ಹೋಗಿ ನೋಡಿಬಂದೆ. ಒಡೆದ ಪೈಪಿನ ಕೆಳಗೆ ಎರಡು ಬಕೆಟ್ ಇಟ್ಟಿದ್ದೀರಿ, ಎರಡೂ ತುಂಬಿ ಹರೀತಿದೆ. ಅದನ್ನ ಖಾಲಿ ಮಾಡೋಕೆ ಗಿಳಿಗೆ ಹೇಳಿ ಹೋಗಿದ್ರಾ?"

ಮೇಷ್ಟ್ರು ಗಾರೆಯವನನ್ನು ಕಳಿಸುತ್ತೇನೆ ಅಂದ.

ಗಿಳಿಯನ್ನು ಬಿಟ್ಟು ಹೋಗುವಂತಿರಲಿಲ್ಲ, ಹಾಗಾಗಿ ಉಳಿದ ದಿನಗಳನ್ನು ಇಬ್ಬರೂ ಅಲ್ಲೇ ಕಳೆದರು. ಊಟ ಹೊರಗಿನ ಮೆಟ್ಟಿಲ ಮೇಲೆ. ಗಾರೆಯವನ ಬೆನ್ನ ಹಿಂದೆ ನಿಂತು ಸಾಹೇಬರು ಕೊಕ್ಕೆ ತೆಗೆದದ್ದಕ್ಕೆ ಲೆಕ್ಕವಿಲ್ಲ. ಮೂರನೆಯ ದಿನ ಅವನು ಕರಣೆ ಕೆಳಗಿಟ್ಟು, "ಅಮ್ಮಾ, ಇವರನ್ನ ಒಂದು ಸುತ್ತು ವಾಕಿಂಗ್ ಕರ್ಕೊಂಡು ಹೋಗಿ, ನಿಮಗೆ ಪುಣ್ಯ ಬರುತ್ತೆ," ಎಂದ. ಟೀಚರ್ ಕರೆದುಕೊಂಡು ಹೋದರು. ಗುಡ್ಡದ ನೆತ್ತಿಯಲ್ಲಿ ನಿಂತು, ಕೆಳಗೆ ಎರಡು ಹೊಳೆಗಳು ಕೂಡುವ ಜಾಗವನ್ನು ಕೈಚಾಚಿ ತೋರಿಸಿದರು. ಸಾಹೇಬರು ನೋಡಿದರು, ಏನೂ ಅನ್ನಲಿಲ್ಲ. ನಲವತ್ತು ವರ್ಷಗಳಲ್ಲಿ ಟೀಚರಿಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ ಇರಬೇಕು.

ಬೀಗದ ಕೈ ಒಪ್ಪಿಸಿ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಮೇಷ್ಟ್ರ ಅಭಿಪ್ರಾಯ ವೆಬ್‌ಸೈಟಿನಲ್ಲಿ ಬಂತು. ಟೀಚರ್ ಗಟ್ಟಿಯಾಗಿ ಓದಿದರು: "ಹೆಂಡತಿ ಬಹಳ ಜವಾಬ್ದಾರಿಯವರು. ಗಂಡನನ್ನು ಮನೆಯೊಳಗೆ ಬಿಡದಿರುವುದು ಒಳ್ಳೆಯದು."

ಸಾಹೇಬರು ಸ್ವಲ್ಪ ಯೋಚಿಸಿ, "ಅರ್ಧ ಸರಿಯಾಗಿ ಬರ್ದಿದ್ದಾನೆ," ಎಂದರು.

ಯಾವ ಅರ್ಧ ಎಂದು ಟೀಚರ್ ಕೇಳಲಿಲ್ಲ. ಬಸ್ಸು ಬಂದಿತ್ತು, ಕಿಟಕಿ ಪಕ್ಕದ ಸೀಟು ಹಿಡಿಯಬೇಕಿತ್ತು.